ಮಾರಲೇಬೇಕಾದ ಸ್ಥಿತಿಗೆ ಬೀಳದಂತೆ ಆಸ್ತಿಯಲ್ಲಿ ಹಣ ತೊಡಗಿಸುವುದು: ಅಪಾಯ ಮತ್ತು ಪ್ರತಿಫಲದ ಸಮಗ್ರ ಮಾರ್ಗದರ್ಶಿ

ಆಸ್ತಿಯಲ್ಲಿ ಹಣ ಹಾಕಿ ಕೈಸುಟ್ಟುಕೊಂಡವರ ಲೆಕ್ಕದ ಹಾಳೆಗಳನ್ನು ಹಲವು ಸಲ ಜೊತೆಯಲ್ಲಿ ಕೂತು ನೋಡಿದ್ದೇನೆ. ಕೂಡುವುದರಲ್ಲಿ, ಕಳೆಯುವುದರಲ್ಲಿ ತಪ್ಪಿದವರು ವಿರಳ. ತಪ್ಪು ಆಗಿರುವುದು ಕ್ರಮದಲ್ಲಿ. ಮೊದಲು ಮನೆಯನ್ನು ಮೆಚ್ಚುತ್ತಾರೆ, ಆಮೇಲೆ ಎಷ್ಟು ಸಾಲ ಸಿಗುತ್ತದೆಂದು ವಿಚಾರಿಸುತ್ತಾರೆ, ಮುಂಗಡ ಕೊಡುತ್ತಾರೆ, ಎಲ್ಲ ಮುಗಿದ ಮೇಲೆ ಪ್ರತಿಫಲ ಎಷ್ಟು ಬರಬಹುದೆಂದು ಲೆಕ್ಕ ಹಾಕಲು ಕೂರುತ್ತಾರೆ. ಆ ಹೊತ್ತಿಗೆ ಮನಸ್ಸು ಒಪ್ಪಿಯಾಗಿರುತ್ತದೆ. ಅಂಕಿಗಳನ್ನೂ ಅದಕ್ಕೆ ಒಪ್ಪುವಂತೆ ತಿದ್ದುವುದಷ್ಟೇ ಉಳಿದಿರುತ್ತದೆ.

ನಾನು ಕಂಡವರಲ್ಲಿ ಬೆಲೆ ಇಳಿಯಿತೆಂಬ ಒಂದೇ ಕಾರಣಕ್ಕೆ ಮುಳುಗಿದವರು ಕಡಿಮೆ. ಬೆಲೆ ಇಳಿದಿರುವ ಹೊತ್ತಿನಲ್ಲೇ ಮಾರಲೇಬೇಕಾದ ಸ್ಥಿತಿಗೆ ಸಿಲುಕಿ ಮುಳುಗಿದವರೇ ಹೆಚ್ಚು. ಆದ್ದರಿಂದ ಈ ಮಾರ್ಗದರ್ಶಿಯ ಹಂತಗಳನ್ನೆಲ್ಲ ಒಂದೇ ಉದ್ದೇಶದ ಸುತ್ತ ಜೋಡಿಸಿದ್ದೇನೆ: ಯಾವಾಗ ಮಾರಬೇಕೆಂಬ ತೀರ್ಮಾನ ಕೊನೆಯವರೆಗೂ ನಿಮ್ಮ ಕೈಯಲ್ಲೇ ಉಳಿಯಬೇಕು. ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಅನುಸರಿಸಿ. ಒಂದು ಹಂತದಲ್ಲಿ ಆಸ್ತಿ ತೇರ್ಗಡೆಯಾಗದಿದ್ದರೆ ಮುಂದಿನ ಹಂತಕ್ಕೆ ಹೋಗುವ ಅಗತ್ಯವೇ ಇಲ್ಲ.

## ಮೊದಲು ಕೈಯಲ್ಲಿ ಇರಬೇಕಾದವು

ಒಂದು ಸ್ಪ್ರೆಡ್‌ಶೀಟ್ ಬೇಕು. ಅದರಲ್ಲಿ ಸಾಲದ ಕಂತಿನ ಸೂತ್ರವನ್ನೂ, ವರ್ಷವರ್ಷ ಹಾಕಿದ ಮತ್ತು ಬಂದ ಹಣದಿಂದ ವಾರ್ಷಿಕ ಪ್ರತಿಫಲದ ಶೇಕಡಾವಾರನ್ನು ಹೇಳುವ ಐಆರ್‌ಆರ್ ಸೂತ್ರವನ್ನೂ ಬಳಸಲು ಬಂದರೆ ಸಾಕು. ಆಸ್ತಿ ದಾಖಲೆಗಳನ್ನು ಓದಿ ಅಭ್ಯಾಸವಿರುವ ಒಬ್ಬ ವಕೀಲರು ಮತ್ತು ಕಟ್ಟಡ ಪರಿಶೀಲಿಸಬಲ್ಲ ಒಬ್ಬ ಸಿವಿಲ್ ಎಂಜಿನಿಯರ್ ಬೇಕು. ಈ ಇಬ್ಬರನ್ನೂ ನೀವೇ ಹುಡುಕಿ, ಅವರ ಶುಲ್ಕವನ್ನು ನೀವೇ ಕೊಡಬೇಕು. ಮಾರುವವರೋ ದಲ್ಲಾಳಿಯೋ ಸೂಚಿಸಿದವರು ಪ್ರಾಮಾಣಿಕರೇ ಆಗಿರಬಹುದು, ಆದರೆ ವ್ಯವಹಾರ ಮುರಿದು ಬಿದ್ದರೆ ಅವರಿಗೆ ಮುಂದಿನ ಕೆಲಸ ಸಿಗುವುದಿಲ್ಲ ಎಂಬುದು ನೆನಪಿರಲಿ.

ಇವುಗಳ ಜೊತೆಗೆ ಒಂದು ಪ್ರಖರವಾದ ಟಾರ್ಚ್, ಅಳತೆ ಟೇಪು ಮತ್ತು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಬೇಕಾದದ್ದು ಮೊದಲ ಹಂತದಲ್ಲೇ ಬರುತ್ತದೆ.

## ಹಂತ 1: ಹಣದ ಅವಧಿಯನ್ನು ಬರೆದಿಡಿ

ತೊಡಗಿಸಲು ಹೊರಟಿರುವ ಹಣ ನಿಮಗೆ ಮತ್ತೆ ಯಾವಾಗ ಬೇಕಾಗಬಹುದು ಎಂಬುದನ್ನು ವರ್ಷಗಳ ಲೆಕ್ಕದಲ್ಲಿ ಬರೆಯಿರಿ. ಮಕ್ಕಳ ಓದು, ಮದುವೆ, ಹಿರಿಯರ ಚಿಕಿತ್ಸೆ, ಕೆಲಸ ಬಿಡುವ ಯೋಚನೆ, ಎಲ್ಲವೂ ಈ ಪುಟದಲ್ಲಿ ಇರಬೇಕು. ಏಳು ವರ್ಷಕ್ಕಿಂತ ಮೊದಲೇ ಬೇಕಾಗಬಹುದಾದ ಹಣವನ್ನು ನೇರವಾಗಿ ಆಸ್ತಿಗೆ ಹಾಕಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಕೊಳ್ಳುವಾಗ ಮತ್ತು ಮಾರುವಾಗ ಆಗುವ ಖರ್ಚು ಕೆಲವೇ ವರ್ಷಗಳ ಅವಧಿಗೆ ಹಂಚಿಹೋದರೆ ಪ್ರತಿಫಲವನ್ನೇ ನುಂಗಿಬಿಡುತ್ತದೆ. ಅವಧಿ ಉದ್ದವಾದಷ್ಟೂ ಅದರ ಭಾರ ಹಗುರವಾಗುತ್ತದೆ.

ಏಳು ವರ್ಷ ಕಾದರೆ ಬೆಲೆ ಮರಳಿಯೇ ತೀರುತ್ತದೆ ಎಂಬ ಭರವಸೆಯೂ ಇಲ್ಲ. ಅಮೆರಿಕದಲ್ಲಿ 2006ರಲ್ಲಿ ಶಿಖರ ಮುಟ್ಟಿದ ಮನೆಗಳ ಬೆಲೆ 2012ರ ಹೊತ್ತಿಗೆ ಸರಾಸರಿ ಕಾಲು ಭಾಗಕ್ಕಿಂತ ಹೆಚ್ಚು ಇಳಿಯಿತು; ಹಳೆಯ ಮಟ್ಟ ಕಾಣಲು 2016 ಬರಬೇಕಾಯಿತು. ಜಪಾನಿನಲ್ಲಿ 1991ರ ನಂತರ ಭೂಮಿಯ ಬೆಲೆ ಒಂದು ದಶಕಕ್ಕೂ ಮೀರಿ ಸತತವಾಗಿ ಇಳಿಯಿತು. ಆದ್ದರಿಂದ ಅವಧಿಯ ಪಕ್ಕದಲ್ಲೇ ಇನ್ನೊಂದು ಪ್ರಶ್ನೆಗೂ ಉತ್ತರ ಬರೆದಿಡಿ: ಅವಧಿ ಮುಗಿದಾಗ ಬೆಲೆ ಕೆಳಗಿದ್ದರೆ ಇನ್ನೂ ಐದು ವರ್ಷ ಕಾಯಲು ನನ್ನಿಂದ ಆಗುತ್ತದೆಯೇ?

## ಹಂತ 2: ಬಾಡಿಗೆಯಿಂದ ನಿವ್ವಳ ಆದಾಯಕ್ಕೆ ಇಳಿಯಿರಿ

ಅತಿ ಹೆಚ್ಚು ಜನ ಎಡವುವುದು ಈ ಹಂತದಲ್ಲಿ, ಹಾಗಾಗಿ ಇಲ್ಲಿ ನಿಧಾನವಾಗಿ ಹೋಗೋಣ. ಹಣದ ಹೆಸರು ಯಾವುದೇ ಇರಲಿ, ಒಂದು ಮನೆಯ ಬೆಲೆ 1,000 ಎಂದಿಟ್ಟುಕೊಳ್ಳಿ. ಅದಕ್ಕೆ ತಿಂಗಳಿಗೆ 6ರಂತೆ ವರ್ಷಕ್ಕೆ 72 ಬಾಡಿಗೆ ಬರುತ್ತದೆ. ಮಾರುವವರು ಹೇಳುವ ಶೇ 7.2 ಪ್ರತಿಫಲ ಹುಟ್ಟುವುದು ಇಲ್ಲಿಂದ.

ಮೊದಲು ಭಾಗಿಸುವ ಅಂಕಿಯನ್ನು ಸರಿಪಡಿಸಿ. ನೋಂದಣಿ, ಮುದ್ರಾಂಕ ಶುಲ್ಕ, ದಲ್ಲಾಳಿ, ವಕೀಲರು ಇವೆಲ್ಲಕ್ಕೆ 80 ಖರ್ಚಾಯಿತು, ಬಾಡಿಗೆಗೆ ಕೊಡುವ ಮುನ್ನ ದುರಸ್ತಿಗೆ 40 ಆಯಿತು ಎನ್ನೋಣ. ಆಗ ನೀವು ಹಾಕಿದ ಹಣ 1,120. ಪ್ರತಿಫಲ ಲೆಕ್ಕ ಹಾಕಬೇಕಾದದ್ದು ಇದರ ಮೇಲೆ.

ಆಮೇಲೆ ಭಾಗಕ್ಕೆ ಒಳಗಾಗುವ ಅಂಕಿಯನ್ನು ಸರಿಪಡಿಸಿ. ಒಬ್ಬ ಬಾಡಿಗೆದಾರ ಬಿಟ್ಟುಹೋಗಿ ಇನ್ನೊಬ್ಬ ಬರುವವರೆಗೆ ಮನೆ ಖಾಲಿ ಇರುತ್ತದೆ. ವರ್ಷಕ್ಕೆ ಒಂದು ತಿಂಗಳು ಹೀಗೆ ಹೋಯಿತೆಂದರೆ ಉಳಿಯುವುದು 66. ನಿರ್ವಹಣೆಗೆ 8, ಆಸ್ತಿ ತೆರಿಗೆಗೆ 3, ವಿಮೆಗೆ 2, ಬಾಡಿಗೆದಾರರನ್ನು ಹುಡುಕಿ ನೋಡಿಕೊಳ್ಳುವ ಖರ್ಚು 4. ಐದನೆಯದು ಬಹುತೇಕರು ಬಿಟ್ಟುಬಿಡುವ ಬಾಬ್ತು: ತಾರಸಿಯ ಸೋರಿಕೆ ತಡೆಯುವ ಕೆಲಸ, ಕೊಳಾಯಿ ಬದಲಾವಣೆ, ವೈರಿಂಗ್, ಹೊರಗೋಡೆಯ ಬಣ್ಣ. ಇವು ಪ್ರತಿ ವರ್ಷ ಬರುವುದಿಲ್ಲ, ಬಂದಾಗ ಒಟ್ಟಿಗೆ ಬರುತ್ತವೆ. ಅದಕ್ಕಾಗಿ ವರ್ಷಕ್ಕೆ 5 ಎತ್ತಿಡಬೇಕು. ಒಟ್ಟು ಖರ್ಚು 22. ನಿವ್ವಳ ಆದಾಯ 44.

ಈಗ 44ನ್ನು 1,120ರಿಂದ ಭಾಗಿಸಿದರೆ ಬರುವುದು ಶೇ 3.9. ಶೇ 7.2 ಎಂದು ಕೇಳಿದ್ದು ಅರ್ಧದಷ್ಟಕ್ಕೆ ಬಂದು ನಿಂತಿದೆ. ಯಾರೂ ಸುಳ್ಳು ಹೇಳಿಲ್ಲ. ಖರ್ಚಿನ ಮಾತನ್ನು ಎತ್ತಿಲ್ಲ, ಅಷ್ಟೆ.

ಇಲ್ಲಿನ ಸಾಮಾನ್ಯ ತಪ್ಪುಗಳು. ಬಾಡಿಗೆಯ ಅಂಕಿಯನ್ನು ಜಾಹೀರಾತಿನಿಂದ ಎತ್ತಿಕೊಳ್ಳಬೇಡಿ. ಜಾಹೀರಾತಿನಲ್ಲಿ ಇರುವುದು ಕೇಳುವ ಬಾಡಿಗೆ. ನಿಮಗೆ ಬೇಕಾದದ್ದು ಕೊಡುತ್ತಿರುವ ಬಾಡಿಗೆ. ಅದೇ ಕಟ್ಟಡದಲ್ಲೋ ಅದೇ ಬೀದಿಯಲ್ಲೋ ಈಗ ವಾಸವಿರುವ ಮೂರು ಬಾಡಿಗೆದಾರರನ್ನು ಮಾತನಾಡಿಸಿ, ಹಿಂದಿನವರು ಬಿಟ್ಟಮೇಲೆ ಮನೆ ಎಷ್ಟು ದಿನ ಖಾಲಿ ಇತ್ತೆಂದೂ ಕೇಳಿ. ಈಗಾಗಲೇ ಬಾಡಿಗೆದಾರರಿರುವ ಮನೆಯಾದರೆ ಬಾಡಿಗೆ ಜಮೆಯಾದ ಬ್ಯಾಂಕ್ ವಿವರವನ್ನು ಹನ್ನೆರಡು ತಿಂಗಳಿಗೆ ತರಿಸಿ ನೋಡಿ. ಬಾಡಿಗೆ ಕರಾರು ಮಾತ್ರ ತೋರಿಸಿ ಬ್ಯಾಂಕ್ ವಿವರ ಕೊಡಲು ಹಿಂಜರಿದರೆ ಅದನ್ನೇ ಎಚ್ಚರಿಕೆಯೆಂದು ತಿಳಿಯಿರಿ. ಇನ್ನು ಖಾಲಿ ನಿವೇಶನದ ವಿಷಯ: ಅದರಿಂದ ಆದಾಯ ಬರುವುದಿಲ್ಲ, ತೆರಿಗೆ ಮತ್ತು ಕಾವಲಿನ ಖರ್ಚು ಮಾತ್ರ ಇರುತ್ತದೆ. ನಿವೇಶನ ಕೊಳ್ಳುವವರು ಈ ಹಂತದ ಉತ್ತರವನ್ನು ಸೊನ್ನೆಗಿಂತ ಕೆಳಗಿನ ಅಂಕಿಯಾಗಿ ಬರೆದುಕೊಂಡು ಮುಂದೆ ಸಾಗಬೇಕು.

## ಹಂತ 3: ಆಸ್ತಿ ಎಷ್ಟು ಸಾಲ ಹೊರುತ್ತದೆಂದು ಕೇಳಿ

ಬ್ಯಾಂಕು ಎಷ್ಟು ಸಾಲ ಕೊಡುತ್ತದೆ ಎಂಬ ಪ್ರಶ್ನೆಗೆ ಸಿಗುವುದು ನಿಮ್ಮ ಸಂಬಳ ನೋಡಿ ಕೊಟ್ಟ ಉತ್ತರ. ನಿಮಗೆ ಬೇಕಾದದ್ದು ಈ ಮನೆಯ ಆದಾಯವೇ ಎಷ್ಟು ಕಂತನ್ನು ಹೊರಬಲ್ಲದು ಎಂಬ ಉತ್ತರ.

ಇದಕ್ಕೆ ಸಾಲ ಕೊಡುವವರೇ ವಾಣಿಜ್ಯ ಆಸ್ತಿಗಳಿಗೆ ಬಳಸುವ ಒಂದು ಅನುಪಾತವಿದೆ, ಡಿಎಸ್‌ಸಿಆರ್ ಎನ್ನುತ್ತಾರೆ. ವರ್ಷದ ನಿವ್ವಳ ಆದಾಯವನ್ನು ವರ್ಷದ ಒಟ್ಟು ಕಂತಿನಿಂದ ಭಾಗಿಸಿದರೆ ಅದು ಸಿಗುತ್ತದೆ. 1 ಬಂದರೆ ಆದಾಯವೆಲ್ಲ ಕಂತಿಗೇ ಸರಿ. 1ಕ್ಕಿಂತ ಕಡಿಮೆ ಬಂದರೆ ಪ್ರತಿ ತಿಂಗಳೂ ನಿಮ್ಮ ಜೇಬಿನಿಂದ ಹಾಕಬೇಕು. 1.25ಕ್ಕಿಂತ ಕೆಳಗೆ ಇಳಿಯದಿರುವುದು ಕ್ಷೇಮ.

ನಮ್ಮ ಮನೆಗೆ ಶೇ 8 ಬಡ್ಡಿಯಲ್ಲಿ, 20 ವರ್ಷದ ಅವಧಿಗೆ 700 ಸಾಲ ಮಾಡಿದರೆ ವರ್ಷದ ಕಂತು ಸುಮಾರು 70.3. ಆದಾಯ 44. ವರ್ಷಕ್ಕೆ 26ಕ್ಕೂ ಹೆಚ್ಚು ಕೈಯಿಂದ ಕಟ್ಟಬೇಕು. ಇದು ಮೂಗಿಗಿಂತ ಮೂಗುತಿ ಭಾರವಾದ ಸ್ಥಿತಿ. ಅನುಪಾತ 1.25 ಬರಬೇಕೆಂದರೆ ವರ್ಷದ ಕಂತು 35.2 ದಾಟಬಾರದು, ಅಂದರೆ ಸಾಲ 350ರಲ್ಲಿ ನಿಲ್ಲಬೇಕು. ಬ್ಯಾಂಕು ಕೊಡಲು ಸಿದ್ಧವಿರುವುದರ ಅರ್ಧವನ್ನಷ್ಟೇ ಈ ಮನೆ ಹೊರಬಲ್ಲದು.

ಸಾಲ ಪ್ರತಿಫಲವನ್ನು ಹಿಗ್ಗಿಸುತ್ತದೆ ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ. ಅದು ಒಂದು ಷರತ್ತಿಗೆ ಒಳಪಟ್ಟ ಮಾತು: ಆಸ್ತಿಯ ಒಟ್ಟು ಪ್ರತಿಫಲ ಬಡ್ಡಿಗಿಂತ ಹೆಚ್ಚಿರಬೇಕು. ನಿವ್ವಳ ಆದಾಯ ಶೇ 3.9, ಬಡ್ಡಿ ಶೇ 8 ಇರುವಲ್ಲಿ ನಡುವಿನ ಕಂದಕವನ್ನು ಬೆಲೆ ಏರಿಕೆಯೇ ತುಂಬಬೇಕು. ತುಂಬದ ವರ್ಷಗಳಲ್ಲಿ ಸಾಲ ಹಿಗ್ಗಿಸುವುದು ನಷ್ಟವನ್ನು.

ಎಷ್ಟು ಹಿಗ್ಗಿಸುತ್ತದೆಂದು ನೋಡಿ. ಕೊಂಡು ಎರಡು ವರ್ಷಕ್ಕೆ ಬೆಲೆ ಶೇ 15 ಇಳಿದಿದೆ, ಆಗಲೇ ಮಾರಬೇಕಾಗಿ ಬಂದಿದೆ, ಮಾರುವ ಖರ್ಚು ಶೇ 3 ಎಂದಿಟ್ಟುಕೊಳ್ಳಿ. ಕೈಗೆ ಬರುವುದು 824.5. ಸಾಲ ಮಾಡದವರು 1,120 ಹಾಕಿ, ಎರಡು ವರ್ಷದ ಆದಾಯವೂ ಸೇರಿ 912.5 ಮರಳಿ ಪಡೆಯುತ್ತಾರೆ. ನಷ್ಟ ಶೇ 18.5. 700 ಸಾಲ ಮಾಡಿದವರು ತಮ್ಮ ಕೈಯಿಂದ ಮೊದಲು 420, ಆಮೇಲೆ ಕಂತಿನ ಕೊರತೆಗೆ 52.5 ಹಾಕಿರುತ್ತಾರೆ. ಎರಡು ವರ್ಷ ಕಂತು ಕಟ್ಟಿದ ಮೇಲೂ ಸಾಲ ಸುಮಾರು 669 ಬಾಕಿ ಇರುತ್ತದೆ, ಏಕೆಂದರೆ ಮೊದಲ ವರ್ಷಗಳ ಕಂತಿನಲ್ಲಿ ಬಹುಪಾಲು ಬಡ್ಡಿಯೇ. ಸಾಲ ತೀರಿಸಿದ ಮೇಲೆ ಅವರ ಕೈಯಲ್ಲಿ ಉಳಿಯುವುದು 155. ಬೆಲೆ ಇಳಿದದ್ದು ಶೇ 15. ಅವರ ಸ್ವಂತ ಹಣದಲ್ಲಿ ಮೂರನೇ ಎರಡು ಭಾಗ ಹೋಗಿದೆ.

## ಹಂತ 4: ಕೆಟ್ಟ ವರ್ಷವನ್ನು ಕಾಗದದ ಮೇಲೆ ಬದುಕಿ ನೋಡಿ

350 ಸಾಲದ ಲೆಕ್ಕವನ್ನೇ ಇಟ್ಟುಕೊಂಡು ನಾಲ್ಕು ಪ್ರಶ್ನೆ ಕೇಳಿ. ಪ್ರತಿ ಉತ್ತರಕ್ಕೂ ಸ್ಪ್ರೆಡ್‌ಶೀಟಿನಲ್ಲಿ ಬೇರೆ ಬೇರೆ ಕಾಲಂ ಇರಲಿ.

1. ಮನೆ ಒಂದರ ಬದಲು ಮೂರು ತಿಂಗಳು ಖಾಲಿ ಉಳಿದರೆ? ನಿವ್ವಳ ಆದಾಯ 32ಕ್ಕೆ ಇಳಿಯುತ್ತದೆ, ಅನುಪಾತ 0.91. ಎರಡೇ ಹೆಚ್ಚುವರಿ ತಿಂಗಳು ಸಾಕು, ಕೈಯಿಂದ ಹಾಕುವ ಸ್ಥಿತಿ ಬರುತ್ತದೆ.

2. ಬಾಡಿಗೆ ಶೇ 10 ಕಡಿಮೆ ಮಾಡಬೇಕಾಗಿ ಬಂದರೆ? ಆದಾಯ 37.4, ಅನುಪಾತ 1.06.

3. ಬಡ್ಡಿ ಶೇ 8ರಿಂದ 10ಕ್ಕೆ ಏರಿದರೆ? ವರ್ಷದ ಕಂತು 40.5 ಆಗುತ್ತದೆ, ಅನುಪಾತ 1.09. ಇದು ಅತಿಯಾದ ಊಹೆ ಎಂದುಕೊಳ್ಳಬೇಡಿ. 2022ರ ಮಾರ್ಚಿನಿಂದ 2023ರ ಜುಲೈ ನಡುವೆ ಅಮೆರಿಕದ ಕೇಂದ್ರ ಬ್ಯಾಂಕು ತನ್ನ ದರವನ್ನು ಸೊನ್ನೆಯ ಆಸುಪಾಸಿನಿಂದ ಶೇ 5ರ ಮೇಲಕ್ಕೆ ಒಯ್ದಿತ್ತು.

4. ಮೂರೂ ಒಂದೇ ವರ್ಷ ಬಂದರೆ? ಆದಾಯ 26.6, ಕಂತು 40.5. ವರ್ಷಕ್ಕೆ ಸುಮಾರು 14 ಕೊರತೆ.

ನಾಲ್ಕನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಒಂದೊಂದನ್ನೇ ಪ್ರತ್ಯೇಕವಾಗಿ ನೋಡಿ ಧೈರ್ಯ ತಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಇವು ಒಂದರ ಕೈ ಒಂದು ಹಿಡಿದುಕೊಂಡು ಬರುತ್ತವೆ. ಸುತ್ತಲಿನ ಉದ್ಯೋಗ ಕುಗ್ಗಿದಾಗಲೇ ಬಾಡಿಗೆದಾರರು ಬಿಟ್ಟುಹೋಗುವುದು, ಹೊಸಬರು ಕಡಿಮೆ ಬಾಡಿಗೆ ಕೇಳುವುದು, ಕೊಳ್ಳುವವರು ಕಾಣೆಯಾಗುವುದು. ನಿಮ್ಮ ಸಂಬಳವೂ ಅದೇ ಉದ್ಯಮವನ್ನು ಅವಲಂಬಿಸಿದ್ದರೆ ಐದನೆಯ ಕಾಲಂ ಒಂದನ್ನು ಸೇರಿಸಿ, ಸಂಬಳವಿಲ್ಲದ ಆರು ತಿಂಗಳನ್ನು ಅದರಲ್ಲಿ ಬರೆಯಿರಿ.

## ಹಂತ 5: ಮೀಸಲು ಹಣ ಎತ್ತಿಡಿ

ಮೇಲಿನ ನಾಲ್ಕನೆಯ ಉತ್ತರವೇ ಮೀಸಲಿನ ಅಳತೆ. ವರ್ಷಕ್ಕೆ 14ರಂತೆ ಎರಡು ಕೆಟ್ಟ ವರ್ಷಕ್ಕೆ 28. ಅದೇ ಅವಧಿಯಲ್ಲಿ ಒಂದು ದೊಡ್ಡ ದುರಸ್ತಿ ಬಂದರೆ ಅದಕ್ಕೆ 20. ಒಟ್ಟು 48. ಏರಿದ ಕಂತು ಮತ್ತು ಮಾಮೂಲಿ ಖರ್ಚು ಸೇರಿ ತಿಂಗಳಿಗೆ 5.2ರಷ್ಟು ಆಗುವುದರಿಂದ, ಈ ಮೊತ್ತ ಬಾಡಿಗೆಯೇ ಬಾರದ ಒಂಬತ್ತು ತಿಂಗಳನ್ನು ದಾಟಿಸುತ್ತದೆ.

ಈ ಹಣ ಬೇಕೆಂದ ದಿನ ತೆಗೆಯಬಹುದಾದ ಠೇವಣಿಯಲ್ಲಿ, ಬೇರೆಯದೇ ಖಾತೆಯಲ್ಲಿ ಇರಬೇಕು. ಷೇರಿನಲ್ಲೋ ಇನ್ನೊಂದು ನಿವೇಶನದ ಮುಂಗಡದಲ್ಲೋ ಇರುವ ಹಣವನ್ನು ಮೀಸಲು ಎನ್ನಲಾಗದು. ಬಾಡಿಗೆದಾರರು ಕೊಟ್ಟ ಮುಂಗಡವನ್ನೂ ಇದರಲ್ಲಿ ಸೇರಿಸಬೇಡಿ. ಅದು ಅವರ ಹಣ, ಅವರು ಮನೆ ಬಿಡುವ ದಿನ, ಅಂದರೆ ನಿಮಗೆ ಬಾಡಿಗೆ ನಿಲ್ಲುವ ದಿನವೇ ಅದನ್ನು ಹಿಂದಿರುಗಿಸಬೇಕು.

ಮೀಸಲನ್ನು ಸೇರಿಸಿದರೆ ಕೊಳ್ಳಲು ಹಣ ಸಾಲದು ಎಂದಾದರೆ, ಈ ಆಸ್ತಿ ನಿಮಗೆ ದೊಡ್ಡದು. ಇನ್ನೂ ಸಣ್ಣದನ್ನು ನೋಡಿ ಅಥವಾ ಕಾಯಿರಿ.

## ಹಂತ 6: ದಾಖಲೆಗಳನ್ನೂ ಗೋಡೆಗಳನ್ನೂ ಓದಿ

ಈ ಹಂತಕ್ಕೆ ಬರುವ ಮುಂಚೆ ಮುಂಗಡ ಕೊಡಬಾರದು. ಕೊಡಲೇಬೇಕಾದ ಸಂದರ್ಭವಿದ್ದರೆ ಸಣ್ಣ ಮೊತ್ತ ಕೊಟ್ಟು, ದಾಖಲೆಗಳಲ್ಲಿ ದೋಷ ಕಂಡರೆ ಪೂರ್ತಿ ಹಿಂದಿರುಗಿಸಬೇಕೆಂಬ ಷರತ್ತನ್ನು ಬರವಣಿಗೆಯಲ್ಲಿ ಪಡೆಯಿರಿ.

ದಾಖಲೆ. ಒಡೆತನ ಯಾರಿಂದ ಯಾರಿಗೆ ಹೇಗೆ ಬಂತೆಂಬ ಸರಪಳಿಯಲ್ಲಿ ಒಂದು ಕೊಂಡಿಯೂ ತಪ್ಪಿರಬಾರದು. ಆಸ್ತಿಯ ಮೇಲೆ ಅಡಮಾನ, ಜಪ್ತಿ, ದಾವೆ ಇದೆಯೇ ಎಂಬುದು, ಕಟ್ಟಡಕ್ಕೆ ಮಂಜೂರಾದ ನಕ್ಷೆ ಮತ್ತು ಕಟ್ಟಿರುವ ಕಟ್ಟಡ ಒಂದೇ ಆಗಿವೆಯೇ ಎಂಬುದು, ಭೂಬಳಕೆಯ ಅನುಮತಿ, ತೆರಿಗೆ ಬಾಕಿ, ಕಟ್ಟಡದ ಸಂಘಕ್ಕೆ ಕಟ್ಟಬೇಕಾದ ಬಾಕಿ, ಇವೆಲ್ಲ ವಕೀಲರ ಲಿಖಿತ ವರದಿಯಲ್ಲಿ ಬರಬೇಕು. ಮೂಲ ದಾಖಲೆಗಳನ್ನೇ ನೋಡಿರಬೇಕು. ನಕಲು ಪ್ರತಿಗಳನ್ನು ನೋಡಿ ಕೊಟ್ಟ ಅಭಿಪ್ರಾಯಕ್ಕೆ ಬೆಲೆಯಿಲ್ಲ.

ಒಮ್ಮೆ ನಾನೇ ಒಂದು ವ್ಯವಹಾರದ ಕೊನೆಯ ಮೆಟ್ಟಿಲವರೆಗೆ ಹೋಗಿದ್ದೆ. ಕಾಗದಗಳು ಓರಣವಾಗಿದ್ದವು, ಕುಟುಂಬದ ವಿಭಾಗಪತ್ರವೂ ಇತ್ತು. ವಕೀಲರು ವಂಶವೃಕ್ಷವನ್ನು ಪಕ್ಕದಲ್ಲಿಟ್ಟುಕೊಂಡು ಬೆರಳಿನಿಂದ ಒಂದೊಂದೇ ಹೆಸರು ಎಣಿಸಿದರು. ವಂಶವೃಕ್ಷದಲ್ಲಿ ಐದು ಮಕ್ಕಳು, ವಿಭಾಗಪತ್ರದಲ್ಲಿ ನಾಲ್ಕು ಸಹಿ. ದೂರದ ಊರಿಗೆ ಮದುವೆಯಾಗಿ ಹೋಗಿದ್ದ ಮಗಳ ಹೆಸರು ಎಲ್ಲೂ ಇರಲಿಲ್ಲ. ಅವರು ಒಪ್ಪಿಯೇ ಇದ್ದಾರೆ, ಬೇಕಿದ್ದರೆ ಆಮೇಲೆ ಸಹಿ ಹಾಕುತ್ತಾರೆ ಎಂದು ಮಾರುವವರು ಸಮಾಧಾನ ಹೇಳಿದರು. ಮೊದಲು ಸಹಿ, ಆಮೇಲೆ ಹಣ ಎಂದೆವು. ಸಹಿ ಬರಲಿಲ್ಲ, ನಾವು ಹಿಂದೆ ಸರಿದೆವು. ಆಮೇಲೆ ಮಾಡಿಕೊಡುತ್ತೇವೆ ಎಂಬ ಮಾತು ಎಲ್ಲಿ ಬಂದರೂ ಅಲ್ಲೇ ನಿಲ್ಲಿ.

ಕಟ್ಟಡ. ಮನೆಯನ್ನು ಎರಡು ಸಲ ನೋಡಿ, ಅದರಲ್ಲಿ ಒಂದು ಸಲ ಜೋರು ಮಳೆ ಬಂದ ಮರುದಿನ. ಕಪಾಟುಗಳನ್ನು ತೆರೆದು ಹಿಂಬದಿಗೆ ಟಾರ್ಚ್ ಬಿಡಿ. ನೇರವಾಗಿ ಹಿಡಿದ ಬೆಳಕಿನಲ್ಲಿ ಗೋಡೆ ನುಣುಪಾಗಿಯೇ ಕಾಣುತ್ತದೆ; ಟಾರ್ಚನ್ನು ಗೋಡೆಗೆ ತಾಗಿಸಿದಂತೆ ಅಡ್ಡಲಾಗಿ ಹಿಡಿದರೆ ಉಬ್ಬು, ತೇಪೆ, ಒದ್ದೆಯಾಗಿ ಒಣಗಿದ ಅಂಚು ಎಲ್ಲವೂ ನೆರಳಾಗಿ ಏಳುತ್ತವೆ. ಇಡೀ ಕೋಣೆಗೆ ಹಳೆಯ ಬಣ್ಣವಿದ್ದು ಸ್ನಾನದ ಮನೆಗೆ ಅಂಟಿಕೊಂಡ ಒಂದೇ ಗೋಡೆಗೆ ಹೊಸ ಬಣ್ಣವಿದ್ದರೆ ಆ ಗೋಡೆಗೆ ಏನಾಗಿತ್ತೆಂದು ಕೇಳಲೇಬೇಕು. ತೊಲೆ ಮತ್ತು ಕಂಬಗಳಲ್ಲಿ ಓರೆಯಾಗಿ ಸಾಗಿದ ಬಿರುಕು, ಉದುರಿದ ಕಾಂಕ್ರೀಟಿನ ನಡುವೆ ತುಕ್ಕು ಹಿಡಿದ ಕಬ್ಬಿಣ, ಮುಚ್ಚಲಾಗದ ಬಾಗಿಲು ಕಂಡರೆ ಎಂಜಿನಿಯರ್ ಬಂದು ನೋಡುವವರೆಗೆ ಬೆಲೆಯ ಮಾತು ಬೇಡ.

ಇನ್ನೂ ಕಟ್ಟುತ್ತಿರುವ ಮನೆಯಲ್ಲಿ ಬೇರೊಂದು ಅಪಾಯವಿದೆ. ಕಟ್ಟಡ ತಡವಾದಷ್ಟು ತಿಂಗಳೂ ಬಾಡಿಗೆ ಇರುವುದಿಲ್ಲ, ಬಡ್ಡಿ ಮಾತ್ರ ಓಡುತ್ತಿರುತ್ತದೆ. ಮೊದಲ ಬಾರಿಗೆ ಹಣ ಹಾಕುವವರು ಇದರಿಂದ ದೂರವಿರುವುದೇ ಲೇಸು. ಹಾಕುವುದೇ ಆದರೆ ಎರಡು ವರ್ಷದ ವಿಳಂಬವನ್ನು ನಾಲ್ಕನೆಯ ಹಂತದಲ್ಲಿ ಸೇರಿಸಿ ನೋಡಿ.

## ಹಂತ 7: ಒಟ್ಟು ಪ್ರತಿಫಲ ಲೆಕ್ಕ ಹಾಕಿ, ನಿಮ್ಮ ಬೆಲೆಯನ್ನು ನೀವೇ ಹೇಳಿ

ಅಪಾಯವನ್ನೆಲ್ಲ ಅಳೆದ ಮೇಲೆ ಈಗ ಪ್ರತಿಫಲದ ಸರದಿ. ಜಾಹೀರಾತಿನ ಲೆಕ್ಕ ಹೀಗಿರುತ್ತದೆ: ಬಾಡಿಗೆ ಶೇ 7.2, ಬೆಲೆ ಏರಿಕೆ ಶೇ 4, ಒಟ್ಟು ಶೇ 11.2. ಇದನ್ನೇ ಸರಿಯಾಗಿ ಮಾಡೋಣ. ಸಾಲವಿಲ್ಲದೆ 1,120 ಹಾಕಿದ್ದೀರಿ. ಏಳು ವರ್ಷ ವರ್ಷಕ್ಕೆ 44 ಬರುತ್ತದೆ. ವರ್ಷಕ್ಕೆ ಶೇ 4ರಂತೆ ಏರಿ ಬೆಲೆ 1,316 ಆಗುತ್ತದೆ, ಮಾರುವ ಖರ್ಚು ಕಳೆದು 1,276 ಕೈಗೆ ಬರುತ್ತದೆ. ಈ ಎಂಟು ಅಂಕಿಗಳನ್ನು, ಮೊದಲನೆಯದನ್ನು ಋಣ ಚಿಹ್ನೆಯೊಂದಿಗೆ, ಕೊನೆಯ ವರ್ಷದ 44ನ್ನು ಮಾರಾಟದ ಹಣದೊಂದಿಗೆ ಕೂಡಿಸಿ, ಐಆರ್‌ಆರ್ ಸೂತ್ರಕ್ಕೆ ಕೊಟ್ಟರೆ ಬರುವುದು ಶೇ 5.6. ಹೇಳಿದ್ದರ ಅರ್ಧ. ಆದಾಯ ತೆರಿಗೆ ಮತ್ತು ಬಂಡವಾಳ ಲಾಭದ ತೆರಿಗೆಯನ್ನು ಇದರಿಂದಲೂ ಕಳೆಯಬೇಕು. ವರ್ಷ ಕಳೆದಂತೆ ಬಾಡಿಗೆ ಏರಿದರೆ ಸ್ವಲ್ಪ ಹೆಚ್ಚಬಹುದು, ಆದರೆ ಖರ್ಚೂ ಏರುತ್ತದೆಂಬುದನ್ನು ಮರೆಯದೆ ಎರಡನ್ನೂ ಸೇರಿಸಿ.

ಇದೇ ಲೆಕ್ಕವನ್ನು ಬೆಲೆ ಏರದಿದ್ದರೆ ಏನು ಎಂದು ಮತ್ತೊಮ್ಮೆ ಮಾಡಿ. ಉತ್ತರ ಸುಮಾರು ಶೇ 2.1. ಏಳು ವರ್ಷದ ಕೊನೆಗೆ ಬೆಲೆ ಶೇ 15 ಕೆಳಗಿದ್ದರೆ, ಹಾಕಿದ್ದು ಹೆಚ್ಚೂ ಕಡಿಮೆ ಹಾಕಿದಷ್ಟೇ ಮರಳುತ್ತದೆ. ಈ ಮೂರು ಉತ್ತರಗಳನ್ನೂ ಅದೇ ಅವಧಿಯ ಸುರಕ್ಷಿತ ಠೇವಣಿಯ ಬಡ್ಡಿಯ ಪಕ್ಕದಲ್ಲಿಟ್ಟು ನೋಡಿ. ಠೇವಣಿಗಿಂತ ಎಷ್ಟು ಹೆಚ್ಚು ಬಂದರೆ ಇಷ್ಟು ತಲೆನೋವನ್ನು ಒಪ್ಪುತ್ತೀರಿ ಎಂಬುದು ನಿಮ್ಮ ತೀರ್ಮಾನ. ನಾನಾದರೆ ಮಧ್ಯದ ಉತ್ತರವನ್ನು ನೋಡಿ ತೀರ್ಮಾನಿಸುತ್ತೇನೆ, ಮೇಲಿನದನ್ನು ಬೋನಸ್ ಎಂದುಕೊಳ್ಳುತ್ತೇನೆ.

ಉತ್ತರ ಹಿಡಿಸದಿದ್ದರೆ ಅಂಕಿಗಳನ್ನು ತಿದ್ದಬೇಡಿ, ಬೆಲೆಯನ್ನು ತಿದ್ದಿ. ನಿವ್ವಳ ಆದಾಯ ಶೇ 5 ಇರಲೇಬೇಕೆಂದುಕೊಂಡರೆ ನೀವು ಹಾಕಬಹುದಾದ ಒಟ್ಟು ಹಣ 44ನ್ನು 0.05ರಿಂದ ಭಾಗಿಸಿದಷ್ಟು, ಅಂದರೆ 880. ಅದರಲ್ಲಿ ದುರಸ್ತಿಯ 40 ಕಳೆದು, ಶೇ 8ರ ನೋಂದಣಿ ಮುಂತಾದ ಖರ್ಚನ್ನು ಬಿಡಿಸಿದರೆ ನಿಮ್ಮ ಗರಿಷ್ಠ ಬೆಲೆ ಸುಮಾರು 778. ಮಾರುವವರು 1,000 ಕೇಳುತ್ತಿದ್ದಾರೆ. ಅವರು ನಿಮ್ಮ ಬೆಲೆಗೆ ಬಾರದಿದ್ದರೆ ವ್ಯವಹಾರ ಅಲ್ಲಿಗೆ ಬಿಟ್ಟಿತು. ಚೌಕಾಶಿಗೆ ಹೋಗುವ ಮೊದಲೇ ಈ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆದು, ಮನೆಯ ಇನ್ನೊಬ್ಬರಿಗೂ ತೋರಿಸಿ. ಇನ್ನೊಬ್ಬರು ಕೊಳ್ಳಲು ನಿಂತಿದ್ದಾರೆ, ನಾಳೆ ಸಂಜೆಯೊಳಗೆ ಹೇಳಿ ಎಂಬ ಒತ್ತಡ ಬಂದಾಗ ಉಪಯೋಗಕ್ಕೆ ಬರುವುದು ಬರೆದಿಟ್ಟ ಅಂಕಿ ಮಾತ್ರ.

## ಹಂತ 8: ಎಲ್ಲವನ್ನೂ ಒಂದೇ ಮನೆಗೆ ಕಟ್ಟಬೇಡಿ

ಒಂದೇ ಮನೆ, ಒಬ್ಬನೇ ಬಾಡಿಗೆದಾರ ಎಂದರೆ ಆದಾಯ ಪೂರ್ತಿ ಬರುತ್ತದೆ ಇಲ್ಲವೇ ಪೂರ್ತಿ ನಿಲ್ಲುತ್ತದೆ. ಅದೇ ಹಣಕ್ಕೆ ನಾಲ್ಕು ಸಣ್ಣ ಮನೆಗಳು ಸಿಕ್ಕರೆ ಒಂದು ಖಾಲಿಯಾದಾಗ ನಿಲ್ಲುವುದು ಕಾಲು ಭಾಗ. ಆದರೆ ನಾಲ್ಕೂ ಒಂದೇ ಕಾರ್ಖಾನೆಯ ನೌಕರರನ್ನು ನೆಚ್ಚಿಕೊಂಡಿದ್ದರೆ ಹಂಚಿದಂತಾಗುವುದಿಲ್ಲ.

ಸಣ್ಣ ಮೊತ್ತವಿರುವವರಿಗೆ ರೀಟ್‌ಗಳು, ಅಂದರೆ ಬಾಡಿಗೆ ತರುವ ಆಸ್ತಿಗಳ ಒಡೆತನವನ್ನು ಯೂನಿಟ್‌ಗಳಾಗಿ ಹಂಚಿ ಷೇರು ಮಾರುಕಟ್ಟೆಯಲ್ಲಿ ಮಾರುವ ಟ್ರಸ್ಟ್‌ಗಳು, ಒಂದು ದಾರಿ. ಅಮೆರಿಕದಲ್ಲಿ ಇವು 1960ರ ಕಾನೂನಿನಿಂದ ಇವೆ. ಭಾರತದಲ್ಲಿ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2014ರಲ್ಲಿ ನಿಯಮ ತಂದಿತು. ಮಾರುವುದು ಸುಲಭ, ಆದರೆ ಬೆಲೆ ದಿನವೂ ಏರಿಳಿಯುತ್ತದೆ. ಮಾರುಕಟ್ಟೆಯಲ್ಲಿ ವಹಿವಾಟಾಗದ ಆಸ್ತಿ ನಿಧಿಗಳಲ್ಲಿ ಆ ಸುಲಭವೂ ಇರಲಾರದು: 2016ರ ಜುಲೈನಲ್ಲಿ ಬ್ರಿಟನ್ನಿನ ಹಲವು ಆಸ್ತಿ ನಿಧಿಗಳು ಹೂಡಿಕೆದಾರರಿಗೆ ಹಣ ಮರಳಿಸುವುದನ್ನು ಕೆಲಕಾಲ ನಿಲ್ಲಿಸಿದ್ದವು.

## ಹಂತ 9: ಕೊಂಡ ಮೇಲೆ ವರ್ಷಕ್ಕೊಮ್ಮೆ ತಪಾಸಣೆ

ವಿಮೆಯನ್ನು ಕಟ್ಟಡವನ್ನು ಮತ್ತೆ ಕಟ್ಟಲು ತಗಲುವ ವೆಚ್ಚಕ್ಕೆ ಮಾಡಿಸಿ. ಮಾರುಕಟ್ಟೆ ಬೆಲೆಯಲ್ಲಿ ಭೂಮಿಯ ಬೆಲೆಯೂ ಸೇರಿರುತ್ತದೆ, ಭೂಮಿ ಸುಟ್ಟುಹೋಗುವುದಿಲ್ಲ. ಬಾಡಿಗೆದಾರರನ್ನು ಆರಿಸುವಾಗ ಹೆಚ್ಚು ಬಾಡಿಗೆ ಕೊಡುತ್ತೇನೆಂದವರಿಗಿಂತ ಹಿಂದಿನ ಮನೆಯಲ್ಲಿ ಹೆಚ್ಚು ಕಾಲ ಇದ್ದವರಿಗೆ ಆದ್ಯತೆ ಕೊಡಿ. ಮಾಲೀಕರು ತಿಂಗಳಿಗೆ ಶೇ 5 ಹೆಚ್ಚು ಬಾಡಿಗೆ ಸಿಗಲೆಂದು ಒಂದು ತಿಂಗಳು ಮನೆ ಖಾಲಿ ಬಿಟ್ಟರೆ, ಆ ನಷ್ಟ ತುಂಬಿಕೊಳ್ಳಲು ಮುಂದಿನ ಇಪ್ಪತ್ತು ತಿಂಗಳು ಬೇಕು.

ವರ್ಷಕ್ಕೊಮ್ಮೆ ಅದೇ ಸ್ಪ್ರೆಡ್‌ಶೀಟ್ ತೆರೆದು ಊಹಿಸಿದ್ದ ಅಂಕಿಯ ಪಕ್ಕದಲ್ಲಿ ನಿಜವಾದ ಅಂಕಿ ಬರೆಯಿರಿ. ಹೀಗೆ ನೋಡುವಾಗ ಈ ಸೂಚನೆಗಳು ಕಂಡರೆ ಕೂಡಲೇ ಎಚ್ಚೆತ್ತುಕೊಳ್ಳಿ:

- ಅನುಪಾತ ಸತತ ಎರಡು ವರ್ಷ 1.1ಕ್ಕಿಂತ ಕೆಳಗಿದೆ.
- ಮೀಸಲು ಅರ್ಧಕ್ಕಿಂತ ಕಡಿಮೆಯಾಗಿದೆ, ತುಂಬುವ ದಾರಿ ಕಾಣುತ್ತಿಲ್ಲ.
- ಕಂತು ಕಟ್ಟಲು ಕ್ರೆಡಿಟ್ ಕಾರ್ಡನ್ನೋ ಕೈಸಾಲವನ್ನೋ ಒಮ್ಮೆಯಾದರೂ ಬಳಸಿದ್ದೀರಿ.
- ಅದೇ ಬೀದಿಯಲ್ಲಿ ಬಾಡಿಗೆಗಿದೆ ಎಂಬ ಫಲಕಗಳು ಹೋದ ವರ್ಷಕ್ಕಿಂತ ಎದ್ದು ಕಾಣುವಷ್ಟು ಹೆಚ್ಚಾಗಿವೆ.

ಇವುಗಳಲ್ಲಿ ಮೂರನೆಯದು ಅತ್ಯಂತ ಗಂಭೀರ. ಅದು ಕಂಡ ತಿಂಗಳೇ ಬ್ಯಾಂಕಿಗೆ ಹೋಗಿ ಸಾಲದ ಅವಧಿ ಹೆಚ್ಚಿಸುವ ಮಾತಾಡಿ. ಕಂತು ತಪ್ಪುವ ಮೊದಲು ಹೋದವರ ಮಾತಿಗೆ ಇರುವ ತೂಕ, ಮೂರು ಕಂತು ತಪ್ಪಿಸಿ ಹೋದವರ ಮಾತಿಗೆ ಇರುವುದಿಲ್ಲ.

## ಹಂತ 10: ಮಾರಾಟದ ಷರತ್ತುಗಳನ್ನು ಕೊಳ್ಳುವ ದಿನವೇ ಬರೆಯಿರಿ

ಯಾವ ಕಾರಣಗಳಿಗೆ ಮಾರುತ್ತೀರೆಂದು ಮೊದಲೇ ಬರೆದಿಡಿ: ಹಣದ ಅವಧಿ ಮುಗಿದಿದೆ, ನಿವ್ವಳ ಆದಾಯ ಇಂದಿನ ಮಾರುಕಟ್ಟೆ ಬೆಲೆಯ ಶೇಕಡಾವಾರು ಲೆಕ್ಕದಲ್ಲಿ ಠೇವಣಿಗಿಂತ ಬಹಳ ಕೆಳಗಿಳಿದಿದೆ, ಬೆಲೆ ಇನ್ನೂ ಏರುವ ಕಾರಣ ಕಾಣುತ್ತಿಲ್ಲ, ಅಥವಾ ದೊಡ್ಡ ದುರಸ್ತಿಗೆ ಹಾಕುವ ಹಣ ಬಾಡಿಗೆಯಲ್ಲಿ ಮರಳುವುದಿಲ್ಲ. ಎರಡನೆಯ ಕಾರಣವನ್ನು ಹೆಚ್ಚಿನವರು ನೋಡುವುದಿಲ್ಲ, ಏಕೆಂದರೆ ಅವರು ಇಂದಿನ ಆದಾಯವನ್ನು ಅಂದು ಕೊಟ್ಟ ಬೆಲೆಗೆ ಹೋಲಿಸಿ ತೃಪ್ತಿಪಡುತ್ತಾರೆ. ಇಂದು ಮಾರಿದರೆ ಖರ್ಚು ಮತ್ತು ತೆರಿಗೆ ಕಳೆದು ಎಷ್ಟು ಕೈಗೆ ಬರುತ್ತದೆ, ಆ ಹಣಕ್ಕೆ ಇದೇ ಮನೆಯನ್ನು ಮತ್ತೆ ಕೊಳ್ಳುತ್ತೀರಾ ಎಂದು ಕೇಳಿಕೊಳ್ಳಿ.

ಮಾರಾಟಕ್ಕೆ ಒಂದು ವರ್ಷದ ಅವಕಾಶ ಇಟ್ಟುಕೊಳ್ಳಿ. ದಾಖಲೆಗಳನ್ನು ಜೋಡಿಸಿ, ಸಾಲ ತೀರಿದ್ದರೆ ಅಡಮಾನ ತೆರವಾದದ್ದು ನೋಂದಣಿ ದಾಖಲೆಯಲ್ಲಿ ಬಂದಿದೆಯೇ ಎಂದು ನೋಡಿ. ಸಾಲ ತೀರಿಸಿ ವರ್ಷಗಳಾದರೂ ದಾಖಲೆಯಲ್ಲಿ ಅಡಮಾನ ಹಾಗೇ ಉಳಿದು, ಕೊಳ್ಳುವವರು ಮನೆ ಬಾಗಿಲಿಗೆ ಬಂದು ಹಿಂದಿರುಗಿದ್ದನ್ನು ಕಂಡಿದ್ದೇನೆ. ತೆರಿಗೆ ಸಲಹೆಗಾರರ ಬಳಿ ಹೋಗಬೇಕಾದದ್ದು ಕರಾರು ಆಗುವ ಮೊದಲು. ಅಂದು ಮಾಡಿದ್ದ ದುರಸ್ತಿಯ ರಸೀದಿಗಳು, ನೋಂದಣಿ ವೆಚ್ಚದ ರಸೀದಿಗಳು ಈಗ ಲಾಭದಿಂದ ಕಳೆಯಲು ಬೇಕಾಗಬಹುದು, ಆದ್ದರಿಂದ ಅವನ್ನೆಲ್ಲ ಕೊಂಡ ದಿನದಿಂದಲೇ ಒಂದು ಕಡತದಲ್ಲಿ ಹಾಕುತ್ತಾ ಬನ್ನಿ.